ಸಿದ್ದಗಂಗಾಳ ಹಾಜರಿ

ಬನಶಂಕರಿ, ಜುಲೈ ೧೯೮೨

ಸಿದ್ದಗಂಗಾ,

ನಿನ್ನ ಬೆನ್ನಿನ ಬಾಸುಂಡೆ ನೋಡಿ ನಾನು ಕೇಳಿದಾಗ ನೀನು, “ಚಿಕ್ಕಪ್ಪ ಹೊಡೀತಾರೆ. ಯಾರ್ಗೂ ಹೇಳ್ಬೇಡಿ ಮಿಸ್” ಎಂದಿದ್ದೆ. “ಮಕ್ಳು ನಂಬಿ ಹೇಳಿದ್ದು ಶಾಲೆಯಿಂದಾಚೆ ಹೋಗ್ಬಾರ್ದು, ಅದು ನಿಯಮ” ಎಂದು ಹೆಡ್‌ಮಾಸ್ಟರೂ ಎಚ್ಚರಿಸಿದ್ದರು. ಇನ್ನೊಂದು ಏಟಿಗೆ ನಿನಗೇನಾದರೂ ಆದರೆ ಎಂದು ಹೆದರಿ ನಾನು ನಿನ್ನಮ್ಮನಿಗೆ ಹೇಳಿಬಿಟ್ಟೆ. ಮರುದಿನದಿಂದ ನೀನು ಶಾಲೆಗೆ ಬರಲಿಲ್ಲ.

ಇವತ್ತು ಸಂಜೆ ಇಟ್ಟಮಡುವಿನ ನಿಮ್ಮ ಮನೆಗೆ ಹೋಗಿದ್ದೆ. ನಿನ್ನಮ್ಮ ಒಳಗೆ ಕರೆಯಲಿಲ್ಲ.

“ಮದ್ವೆ ಮಾಡಿ ಕಳ್ಸಿಬಿಟ್ವಿ ಮಿಸ್.”

“ಇನ್ನೂ ಏಳನೇ ಕ್ಲಾಸು ಕಣಮ್ಮ. ಯಾವೂರಿಗೆ ಕಳ್ಸಿದ್ರಿ?”

“ನಿಮ್ಗೆ ಹೇಳಿದ್ರೆ ಇನ್ಯಾರಿಗ್ ಹೇಳ್ತೀರೋ” ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ನಿನ್ನ ಚಿಕ್ಕಪ್ಪ ಕೆಮ್ಮಿದ್ದು ಕೇಳಿಸಿತು.

ನಾಳೆ ಹಾಜರಿ ತೆಗೆದುಕೊಳ್ಳುವಾಗ ನಿನ್ನ ಹೆಸರು ಕೂಗಬೇಕೋ ಬಿಡಬೇಕೋ, ನನಗೆ ತಿಳಿಯುತ್ತಿಲ್ಲ.