ಎರಡೇ ತುತ್ತು

ಫೆಬ್ರವರಿ 11, 1985. ಸೋಮವಾರ

ಇವತ್ತೂ ಅದೇ. ಆಫೀಸಿನಿಂದ ಬಂದು ಕೋಟು ಬಿಚ್ಚುವ ಮೊದಲೇ ಕೇಳಿದೆ, "ವಸು ಮಧ್ಯಾಹ್ನ ತಿಂದ್ಲಾ ಅತ್ತೆ?"

"ಎಲ್ಲಿ ತಿಂತಾಳೆ ಕಣಮ್ಮ. ಎರಡೇ ತುತ್ತು. ಅದೂ ಅರ್ಧ ಉಗಿದ್ಲು."

ಸರಿ, ಶುರು. ಅನ್ನ, ತೊವ್ವೆ, ತುಪ್ಪ. ನುಣ್ಣಗೆ ಕಲಸಿದ್ದು. ಮೊದಲ ತುತ್ತು ಬಾಯಿಗೆ ಹೋಗಿ ಕೆನ್ನೆಯಲ್ಲೇ ಕೂತಿತು. ಎರಡನೆಯದು ನನ್ನ ಸ್ವೆಟರಿಗೆ. ಮೂರನೆಯದು ಕಾರ್ಪೆಟ್ಟಿಗೆ. ಕಾಗೆ ತೋರಿಸೋಣವೆಂದರೆ ಕಿಟಕಿಯಾಚೆ ಇರುವುದು ಕಾರ್‌ಪೋರ್ಟು. ನಮ್ಮ ಟೊಯೋಟಾ ತೋರಿಸಿದೆ. ಟೊಯೋಟಾ ನೋಡಿ ಯಾವ ಮಗು ಬಾಯಿ ತೆರೆಯುತ್ತದೆ!

ಇವರು ಟೀವಿಯಿಂದ ಕಣ್ಣು ತೆಗೆಯದೆ, "ರಮಾ, ನೀನು ತುಂಬಾ ಪ್ರೆಶರ್ ಮಾಡ್ತೀಯ, ಅದಕ್ಕೇ" ಅಂದರು. ಹೌದು. ಗಂಡ ಅಂತ ಒಬ್ಬರು ಇರುವುದೇ ಇಂಥ ಮಾತು ಹೇಳಲಿಕ್ಕೆ.

ಫೆಬ್ರವರಿ 14. ಗುರುವಾರ

ಡಾಕ್ಟರ ಹತ್ತಿರ ಹೋಗಿದ್ದೆವು. ತೂಕ, ಎತ್ತರ, ತಲೆಯ ಸುತ್ತಳತೆ. ಸಣ್ಣ ಮೈಕಟ್ಟು ಅಷ್ಟೇ ಅಂದರು. ಬಲವಂತ ಮಾಡಬೇಡಿ, ಹಸಿವಾದರೆ ತಾನೇ ತಿನ್ನುತ್ತಾಳೆ.

"ದಿನಕ್ಕೆ ನಾಲ್ಕು ತುತ್ತು ತಿಂದು ಮಗು ಹೀಗೆ ಓಡಾಡಲು ಸಾಧ್ಯವೇ?" ಅಂತ ಕೇಳಿದೆ. ಸಾಧ್ಯವಿಲ್ಲ ಅಂದರು, ನಕ್ಕರು. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅಂದುಕೊಂಡರು. ಕಾರಿನಲ್ಲಿ ಅಳು ಬಂತು. ವಸು ಹಿಂದಿನ ಸೀಟಿನಲ್ಲಿ ಸೀಟ್‌ಬೆಲ್ಟ್ ಚೀಪುತ್ತಿದ್ದಳು. ಅದನ್ನು ತಿನ್ನುತ್ತಾಳೆ.

ಫೆಬ್ರವರಿ 23. ಶನಿವಾರ

ಇಲ್ಲಿಂದ ಫ್ರೀವೇಯಲ್ಲಿ ಮುಕ್ಕಾಲು ಗಂಟೆ ದೂರದ ಡಬ್ಲಿನ್‌ನಲ್ಲಿ ಅನಂತಪದ್ಮನಾಭ–ಪ್ರಭಾ ಮನೆಯಲ್ಲಿ ಊಟ. ಇಡೀ ಸಂಜೆ ನನ್ನ ಮಗಳ ಬಾಯಿಯೇ ವಿಷಯ. ಒಬ್ಬರು ಬಾಳೆಹಣ್ಣು ಹಿಡಿದು ಬಂದರು, ಇನ್ನೊಬ್ಬರು ಚಪಾತಿಗೆ ಸಕ್ಕರೆ ಸವರಿ ತಂದರು. ವಸು ಎಲ್ಲರನ್ನೂ ಸೋಲಿಸಿದಳು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು, ಯಾಕೆ ಸುಳ್ಳು ಹೇಳಲಿ.

ಅನಂತಪದ್ಮನಾಭ ಪಾಪ, "ಮಗು ಗುಂಡುಗುಂಡಾಗೇ ಇದೆಯಲ್ರೀ" ಅಂದುಬಿಟ್ಟರು. ಅತ್ತೆ ಮುಖ ಗಂಟಿಕ್ಕಿದರು. ಮನೆಗೆ ಬಂದದ್ದೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಸ್ಟೌವಿನ ಮೇಲೆ ಹಾಕಿದರು. ಸ್ಮೋಕ್ ಅಲಾರ್ಮು ಕಿರುಚಿತು. ಇವರು ಕುರ್ಚಿ ಹತ್ತಿ ಅದರ ಬ್ಯಾಟರಿ ಕಿತ್ತರು.

ಒಂದು ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಪ್ರಭಾ ಹೇಳಿದ್ದು: "ನಮ್ಮ ಸುರೇಶನ್ನ ಎರಡು ವರ್ಷ ಮೈಸೂರಲ್ಲಿ ಅಮ್ಮನ ಹತ್ರ ಬಿಟ್ಟಿದ್ವಿ. ಏನು ಚೆನ್ನಾಗಿ ಬೆಳೆದು ಬಂದ ಗೊತ್ತಾ! ನೀವೂ ಕಳಿಸಿಬಿಡಿ." ಇವರು ತಲೆಯಾಡಿಸಿದರು. ಅಷ್ಟರಲ್ಲಿ ಆ ಹುಡುಗ ಬಂದು, "ಪ್ರಭಾ, ನೀರು ಬೇಕು" ಅಂದ. ಅಜ್ಜಿ ಕರೆಯುವ ಹಾಗೆಯೇ ತಾಯಿಯನ್ನು ಕರೆಯುತ್ತಾನೆ. ಎಲ್ಲರೂ ನಕ್ಕರು. ಪ್ರಭಾನೂ ನಕ್ಕಳು.

ಮಾರ್ಚ್ 2. ಶನಿವಾರ

ತಿಂದಳು!!

ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿಗೆ ಬಟ್ಟೆ ತಂದಿದ್ದೆ, ಸೊಂಟದ ಮೇಲೆ ವಸು, ಕೈಯಲ್ಲಿ ಬಟ್ಟಲು. ಡ್ರೈಯರಿನ ದುಂಡು ಗಾಜಿನೊಳಗೆ ಇವರ ನೀಲಿ ಟವೆಲ್ಲು ಮೇಲೆ ಹೋಗುತ್ತದೆ, ಕೆಳಗೆ ಬೀಳುತ್ತದೆ. ಅದನ್ನೇ ನೋಡುತ್ತ ಬಾಯಿ ತೆರೆದಳು. ತುರುಕಿದೆ. ನುಂಗಿದಳು. ಮತ್ತೆ ತೆರೆದಳು. ಅರ್ಧ ಬಟ್ಟಲು ಖಾಲಿ. "ಬಿತ್ತು... ಬಿತ್ತು..." ಅಂತ ಟವೆಲ್ಲಿಗೆ ಹೇಳುತ್ತಿದ್ದಳು. ನಾನೂ ಹೇಳಿದೆ. ಇಬ್ಬರೂ ನಕ್ಕೆವು. ನಾವಿಬ್ಬರೂ ಒಟ್ಟಿಗೆ ನಕ್ಕು ಎಷ್ಟು ದಿನವಾಗಿತ್ತೋ.

ಮೇಲೆ ಬಂದು ಹೇಳಿದರೆ ಅತ್ತೆ, "ಶ್, ಬಾಯಿಬಿಟ್ಟು ಹೇಳ್ಬೇಡ" ಅಂದರು. ಖುಷಿಪಡುವುದೂ ತಪ್ಪು ಈ ಮನೆಯಲ್ಲಿ.

ಮಾರ್ಚ್ 13. ಬುಧವಾರ

ಲಾಂಡ್ರಿ ರೂಮೂ ಹೋಯಿತು. ದಿನಾ ಸಂಜೆ ಒಗೆಯಲು ಏನೂ ಇಲ್ಲದಿದ್ದರೂ ಒಂದೆರಡು ಟವೆಲ್ಲು ಹಾಕಿ ತಿರುಗಿಸುತ್ತಿದ್ದೆ. ಯಾರದೋ ಬಿಳಿ ಷರಟಿಗೆ ನಮ್ಮ ತುಪ್ಪ ತಾಗಿತಂತೆ. ಮ್ಯಾನೇಜರು ಬಾಗಿಲಿಗೇ ಬಂದ. ಇನ್ನು ಮೇಲೆ ಅಲ್ಲಿ ಊಟ ತರಬಾರದು. ನಾನು ವಿವರಿಸಲು ಹೊರಟೆ, ಮಗು, ಡ್ರೈಯರು, ಟವೆಲ್ಲು... ಅವನ ಮುಖ ನೋಡಿ ನಿಲ್ಲಿಸಿದೆ.

ಮಾರ್ಚ್ 24. ಭಾನುವಾರ

ಇವರು ನಿರ್ಧಾರ ಮಾಡಿಬಿಟ್ಟಿದ್ದಾರೆ. ಏಪ್ರಿಲ್ 28ಕ್ಕೆ ಅತ್ತೆ ಬೆಂಗಳೂರಿಗೆ ವಾಪಸ್ಸು. ಜೊತೆಗೆ ವಸು. ಎರಡು ವರ್ಷ ತುಂಬುವ ಮೊದಲಾದರೆ ಬೇರೆ ಸೀಟೂ ಬೇಡ, ತೊಡೆಯ ಮೇಲೇ ಕೂರಿಸಿಕೊಂಡು ಹೋಗಬಹುದಂತೆ. ಎಲ್ಲ ವಿಚಾರಿಸಿ ಆಗಿದೆ! ನನ್ನನ್ನೊಂದು ಬಿಟ್ಟು.

"ಒಂದು ವರ್ಷ ಅಷ್ಟೇ ರಮಾ. ಇಲ್ಲಿ ನೀನೂ ಆಫೀಸು, ನಾನೂ ಆಫೀಸು. ಚಿಪ್ ಕಂಪನಿಗಳಲ್ಲಿ ಲೇಆಫ್ ಆಗ್ತಿರೋವಾಗ ನೀನು ಕೆಲಸ ಬಿಡೋ ಹಾಗಿಲ್ಲ. ಮಗು ಸೊರಗ್ತಾ ಇದೆ."

"ಡಾಕ್ಟರು ಸರಿಯಾಗಿದಾಳೆ ಅಂದ್ರಲ್ಲ?"

"ಎರಡು ತುತ್ತು ತಿಂತಾಳೆ ಅಂತ ದಿನಾ ಅಳೋಳು ನೀನೇ."

ಹೌದು, ನಾನೇ. ಕೊನೆಗೆ ಬೇಡಿಕೊಂಡೆ. ಒಂದು ತಿಂಗಳು ಕೊಡಿ, ಮಗಳು ನನ್ನ ಕೈಯಲ್ಲಿ ತಿನ್ನುವ ಹಾಗೆ ಮಾಡುತ್ತೇನೆ, ಮಾಡಿದರೆ ಇಲ್ಲೇ ಇರಲಿ. ಇವರು ಒಪ್ಪಿದರು, ದೊಡ್ಡ ಉಪಕಾರ ಮಾಡುವವರ ಹಾಗೆ.

ಮಾರ್ಚ್ 29. ಶುಕ್ರವಾರ

ಇವತ್ತು ಮೂಗು ಹಿಡಿದೆ. ಉಸಿರಿಗೆ ಬಾಯಿ ತೆರೆದಾಗ ತುರುಕಿದೆ. ಎಲ್ಲ ವಾಂತಿ. ಅನ್ನ ಮಾತ್ರವಲ್ಲ, ಇನ್ನೂ ಏನೇನೋ. ಅಷ್ಟೊಂದು ಎಲ್ಲಿತ್ತು ಹೊಟ್ಟೆಯಲ್ಲಿ? ಯೋಚಿಸುವಷ್ಟು ತಾಳ್ಮೆ ಇರಲಿಲ್ಲ. ಒಂದು ಕ್ಷಣ ಆ ಮಗುವನ್ನು ದ್ವೇಷಿಸಿದೆ. ನಿಜವಾಗಿ.

ಈಗ ನಾನು ಬಟ್ಟಲು ತೆಗೆದರೆ ಸಾಕು, ಸೋಫಾದ ಹಿಂದೆ ಹೋಗಿ ಕೂರುತ್ತಾಳೆ.

ಏಪ್ರಿಲ್ 9. ಮಂಗಳವಾರ. ಸಂಜೆ

ಆಫೀಸಿನಲ್ಲಿ ಕರೆಂಟು ಹೋಗಿ ಮಧ್ಯಾಹ್ನವೇ ಮನೆಗೆ ಕಳಿಸಿದರು. ಬೀಗ ಸದ್ದಿಲ್ಲದೆ ತೆಗೆದೆ, ವಸು ಮಲಗಿರಬಹುದು ಅಂತ.

ಮಲಗಿರಲಿಲ್ಲ. ಅಡಿಗೆಮನೆಯ ನೆಲದ ಮೇಲೆ ಕೂತಿದ್ದಳು, ಅಜ್ಜಿಯ ಎದುರು. ತಟ್ಟೆಯಲ್ಲಿ ಮೊಸರನ್ನ. ತನ್ನ ಕೈಯಲ್ಲೇ ಬಾಚಿ ಬಾಚಿ ತಿನ್ನುತ್ತಿದ್ದಳು. ಮೊಣಕೈವರೆಗೂ ಮೊಸರು. ತಟ್ಟೆ ಖಾಲಿ ಮಾಡಿ, "ಇನ್ನೂ" ಅಂದಳು. ಅತ್ತೆ ಮತ್ತೊಂದು ಸೌಟು ಬಡಿಸಿದರು. ಅದೂ ಹೋಯಿತು.

ಆಮೇಲೆ ನನ್ನನ್ನು ಕಂಡಳು. ತಟ್ಟನೆ ಬಾಯಿ ಮುಚ್ಚಿದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ದಿನಾ ಹೀಗೇ ತಿಂತಾಳಾ?" ಕೇಳಿದೆ.

ಅತ್ತೆ ಮೊಸರನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದರು.

"ದಿನಾ ಎರಡೇ ತುತ್ತು, ಎರಡೇ ತುತ್ತು ಅಂದ್ರಲ್ಲ ಅತ್ತೆ!"

"ತಿಂದ್ಲು ಅಂತ ಯಾರಾದ್ರೂ ಹೇಳ್ತಾರೇನಮ್ಮ? ಅದ್ರಲ್ಲೂ ಹೆತ್ತವಳಿಗೆ? ಹೆತ್ತವಳ ಕಣ್ಣೇ ಮೊದಲು ತಾಕೋದು. ನಿನ್ನ ಗಂಡ ವ್ಯಾಸ ಚಿಕ್ಕವನಾಗಿದ್ದಾಗ ನಮ್ಮತ್ತೆ ನನಗೂ ಹೀಗೇ ಹೇಳ್ತಿದ್ರು. ನಾನು ಅರ್ಥ ಮಾಡ್ಕೊಂಡೆ. ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ."

ಗೊತ್ತಿರುತ್ತೆ ಅಂದುಕೊಂಡರಂತೆ. ಹೊಟ್ಟೆ ತುಂಬಿದ ಮಗುವಿಗೆ ದಿನಾ ಸಂಜೆ ಮತ್ತೊಂದು ಊಟ ತುರುಕುತ್ತಿದ್ದೆ ನಾನು. ಮೂಗು ಹಿಡಿದು.

"ಅವಳನ್ನ ಕರ್ಕೊಂಡು ಹೋಗ್ತೀರಿ ಅಂತ ಆದಾಗಲಾದ್ರೂ ಹೇಳಬಾರದಿತ್ತಾ?"

"ಕರ್ಕೊಂಡು ಹೋಗ್ತೀನಿ ಅಂತ ನಾನು ಕೇಳಿದ್ನಾ? ಅವನು ಹೇಳಿದ. ಮೊಮ್ಮಗಳನ್ನ ಬೇಡ ಅನ್ಲಾ?" ಅಂದರು. ಸೆರಗಿನಿಂದ ವಸುವಿನ ಬಾಯಿ ಒರೆಸಿದರು. ಕೈ ತೆಗೆಸಲು ಎಷ್ಟು ಹೊತ್ತು ಬೇಕಾಯಿತು.

ಏಪ್ರಿಲ್ 10. ಬುಧವಾರ

ಮೂರ್ಖಳು ನಾನು. ವಿಷಯ ತಿಳಿದರೆ ಇವರು ಮನಸ್ಸು ಬದಲಿಸುತ್ತಾರೆ ಅಂದುಕೊಂಡೆ. ಮಗು ತಿನ್ನುತ್ತದೆ, ಇನ್ನೇಕೆ ಕಳಿಸಬೇಕು?

ಪೂರ್ತಿ ಕೇಳಿದರು. "ಅಂದ್ರೆ ಅಮ್ಮನ ಕೈಯಲ್ಲಿ ತಿಂತಾಳೆ. ನಿನ್ನ ಕೈಯಲ್ಲಿ ತಿನ್ನಲ್ಲ. ಅದನ್ನೇ ಅಲ್ವಾ ನಾನು ಹೇಳ್ತಿರೋದು?"

ಲೆಕ್ಕ ಸರಿಯಾಗಿದೆ. ಎಂಜಿನಿಯರು. ನನ್ನ ಸಂಜೆಗಳು ಹೇಗೆ ಹಾಳಾದವು ಅಂತ ಅದರಲ್ಲಿ ಬರುವುದಿಲ್ಲ.

ಏಪ್ರಿಲ್ 28. ಭಾನುವಾರ

ಹೋದರು.

ಏರ್‌ಪೋರ್ಟಿನಲ್ಲಿ ಗೇಟಿನವರೆಗೂ ನಮ್ಮನ್ನು ಬಿಟ್ಟರು. ಬ್ಯಾಗಿನಿಂದ ಬಿಸ್ಕತ್ತು ತೆಗೆದು ಕೊಡಲು ಹೋದೆ. ಬಾಯಿ ಮುಚ್ಚಿಕೊಂಡಳು. ಬಿಸ್ಕತ್ತು ಅತ್ತೆ ಕೈಗೆ ಕೊಟ್ಟೆ. ಅವರ ಹೆಗಲ ಮೇಲಿಂದ ನನ್ನನ್ನು ನೋಡುತ್ತ ತಿಂದಳು. ಫ್ರೀವೇಯುದ್ದಕ್ಕೂ ಇವರು ಟ್ರಾಫಿಕ್ಕಿನ ವಿಷಯ ಮಾತಾಡಿದರು.

ಮೇ 18. ಶನಿವಾರ

ಬೆಂಗಳೂರಲ್ಲಿ ಅತ್ತೆಯ ಪಕ್ಕದ ಮನೆಯ ಹನುಮಂತರಾಜು ಅವರಲ್ಲಿ ಫೋನಿದೆ. ಶನಿವಾರ ಸಂಜೆ ನಾವು ಮಾಡಿದರೆ ಅಲ್ಲಿ ಭಾನುವಾರ ಬೆಳಗ್ಗೆ. ಅತ್ತೆ ಮಗುವನ್ನು ಎತ್ತಿಕೊಂಡು ಬಂದು ಕಾಯುತ್ತಾರೆ.

"ತಿಂತಾಳಾ ಅತ್ತೆ?"

"ಎಲ್ಲಿ ತಿಂತಾಳೆ ಕಣಮ್ಮ. ಎರಡೇ ತುತ್ತು."

ಹಾಯೆನಿಸಿತು. ಎರಡೇ ತುತ್ತು ಅಂದರೆ ಎರಡು ತಟ್ಟೆ. ಈಗ ನಾನೂ ಕಲಿತೆ. ಕಿವಿಗೆ ಫೋನಿಟ್ಟರೆ ವಸು ಉಸಿರಾಡುವುದು ಕೇಳುತ್ತದೆ, ಮಾತಾಡುವುದಿಲ್ಲ. "ಬಿತ್ತು, ಬಿತ್ತು" ಅಂದೆ. ಉಸಿರು ನಿಂತಿತು. ಕೇಳಿಸಿಕೊಂಡಳು ಅನ್ನಿಸುತ್ತದೆ. ಅಷ್ಟರಲ್ಲಿ ಲೈನು ಕಟ್ಟಾಯಿತು.

ನಾಳೆಗೆ ವಸುವಿಗೆ ಎರಡು ವರ್ಷ ತುಂಬುತ್ತದೆ. ಬಟ್ಟೆ ಒಗೆಯುವುದಿತ್ತು. ಡ್ರೈಯರಿನ ಮುಂದೆ ನಿಂತೇ ಇದ್ದೆ.

ಜೂನ್ 15. ಶನಿವಾರ

ಹೋದ ವಾರ ಲೈನು ಸಿಗಲಿಲ್ಲ. ಇವತ್ತು ಸಿಕ್ಕಿತು.

"ತಿಂತಾಳಾ ಅತ್ತೆ?"

"ಚೆನ್ನಾಗಿ ತಿಂತಿದಾಳಮ್ಮ. ತಟ್ಟೆ ತುಂಬಾ ತಿಂತಾಳೆ. ನೀನೇನೂ ಯೋಚನೆ ಮಾಡ್ಬೇಡ."

ಫೋನಿಗೆ ಕೊಡಿ ಅಂದೆ. ಮಲಗಿದ್ದಾಳೆ ಅಂದರು. ಬೆಳಗ್ಗೆ ಒಂಬತ್ತು ಗಂಟೆಗೆ. ಹುಟ್ಟಿದಾಗಿನಿಂದ ಸೂರ್ಯನಿಗಿಂತ ಮುಂಚೆ ಏಳುವ ಮಗು. "ಜ್ವರ ಏನಾದ್ರೂ...?" "ಇಲ್ಲಮ್ಮ, ಚೆನ್ನಾಗಿದಾಳೆ, ಚೆನ್ನಾಗಿ ತಿಂತಾಳೆ." ಮತ್ತೆ ಅದೇ ಮಾತು.

ಇವರಿಗೆ ಹೇಳಿದೆ. "ಚೆನ್ನಾಗಿ ತಿಂತಾಳೆ ಅಂದ್ರೆ ಅದಕ್ಕೂ ಅಳ್ತೀಯಲ್ಲ! ಕಡೆಗೂ ಒಂದು ಒಳ್ಳೇ ಸುದ್ದಿ ಬಂತು." ಯಾವ ತಾಯಿಯ ಮಗ ಇವರು? ನನ್ನ ಮಗಳು ನನ್ನ ಕೈತಪ್ಪಿ ಹೋಗುವಾಗಲೂ ಆ ಹೆಂಗಸು ತಿಂದಳು ಅನ್ನಲಿಲ್ಲ. ಈಗ ಅನ್ನುತ್ತಿದ್ದಾರೆ. ದೃಷ್ಟಿ ತಾಕಲು ಅಲ್ಲಿ ಏನೂ ಉಳಿದಿಲ್ಲ, ಅದಕ್ಕೇ ಹೇಳುತ್ತಿದ್ದಾರೆ.

ರಜೆ ಸಿಗುವುದಿಲ್ಲ. ಕೆಲಸ ಹೋಗುತ್ತದೆ ಅಂದರು ಇವರು. ಹೋಗಲಿ.

ಪಾಸ್‌ಪೋರ್ಟು ಸಿಕ್ಕಿತು. ಏಜೆಂಟು ಸೋಮವಾರದವರೆಗೆ ಇಲ್ಲ, ಏರ್‌ಲೈನಿಗೇ ಫೋನ್ ಮಾಡಿದ್ದೇನೆ. ಹೋಲ್ಡಿನಲ್ಲಿಟ್ಟಿದ್ದಾರೆ, ಏನೋ ಸಂಗೀತ. ಸುಮ್ಮನೆ ಕೂರಲಾರದೆ ಬರೆಯುತ್ತಿದ್ದೇನೆ. ಇವರು ಬಾಗಿಲಲ್ಲಿ ನಿಂತಿದ್ದಾರೆ. ಯಾರಿಗೆ ಫೋನು ಅಂತ ಕೇಳುತ್ತಿಲ್ಲ.

ಏರ್‌ಲೈನಿನವಳು ಬಂದಳು ಲೈನಿಗೆ. ಎಷ್ಟು ಜನ ಅಂತ ಕೇಳುತ್ತಿದ್ದಾಳೆ. ಹೋಗುವಾಗ ಒಬ್ಬಳು. ಬರುವಾಗ—