ಊರಿಲ್ಲದ ಮನೆಯ ಕಿಂಡಿ

ಪ್ರೀತಿಯ ಮಾವನವರಿಗೆ,

ನಿಮ್ಮ ಸೊಸೆ ಸಾವಿತ್ರಿ ಮಾಡುವ ನಮಸ್ಕಾರ. ನಮ್ಮ ತಗಡಿನ ಗಾಡಿ ಈಗ ಚನ್ನರಾಯಪಟ್ಟಣದ ಸಂತೆ ಮಾಳದಲ್ಲಿದೆ. ಎತ್ತುಗಳು ಚೆನ್ನಾಗಿವೆ. ನಿಮ್ಮ ಮೊಮ್ಮಗಳು ಗೌರಿಯ ಕೆಮ್ಮು ಹೋಗಿದೆ. ನಿಮಗೆ ಹೇಳಲೇಬೇಕಾದ ಸಂಗತಿಯೊಂದಿದೆ, ಆದರೆ ಅದನ್ನು ಮೊದಲೇ ಹೇಳಿಬಿಟ್ಟರೆ ನೀವು ಮಿಕ್ಕಿದ್ದನ್ನು ಓದುವುದಿಲ್ಲ. ನಿಮ್ಮ ಅವಸರ ನನಗೆ ಗೊತ್ತಿಲ್ಲವೇ?

ಆ ಸಣ್ಣ ಮೋಟಾರು ವ್ಯಾನನ್ನು ನೀವು ಹಾಸನದಿಂದ ತಂದ ದಿನ ನೆನಪಾಗುತ್ತದೆ. ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ ಮೂಲೆ ಸೇರಿದ್ದ ವ್ಯಾನು. ಎಂಜಿನ್ನು ತೆಗೆಸಿ, ನೊಗ ಕಟ್ಟಿಸಿ, ಎತ್ತು ಹೂಡಿ, ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ದೊಡ್ಡ ಸಾಹುಕಾರರ ಹಾಗೆ ಕುಳಿತು ಬಂದಿರಿ. ಜನ ನಗುತ್ತಿದ್ದರು. ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ನಿಮ್ಮ ಮಗ ಮಿಲಿಟರಿ ಸೇರಿ ಆರು ತಿಂಗಳಾಗಿತ್ತು, ಗೌರಿ ಇನ್ನೂ ಕೈಗೂಸು. ಬಾಡಿಗೆ ಮನೆ ಬಿಟ್ಟು, ಮಾರುವ ಸೀರೆ ಗಂಟುಗಳ ಜೊತೆ ಸಂತೆಯಿಂದ ಸಂತೆಗೆ ಇದರಲ್ಲೇ ಇರೋಣ ಎಂದಿರಿ. "ಮನೇನೇ ಸಂತೆಗ್ ಓಯ್ತದೆ ಕಣವ್ವ, ನಾವ್ಯಾಕ್ ಗಂಟ್ ಒರ್ಬೇಕು?"

ಮೊದಲ ಬೇಸಿಗೆಯಲ್ಲಿ ತಗಡು ಕಾದು, ಒಳಗೆ ಹೆಂಚಿನ ಮೇಲೆ ಕೂತಂತಾಗುತ್ತಿತ್ತು. ನೀವು ಸೂರಿಗೆ ಸುಣ್ಣ ಬಳಿದಿರಿ. ಒಳಗಡೆ ಬಿದಿರು ತಟ್ಟಿ ಹೊಡೆದು, ತಟ್ಟಿಗೂ ತಗಡಿಗೂ ನಡುವೆ ರಾಗಿ ಹುಲ್ಲು ತುಂಬಿದಿರಿ. ಬಿಸಿಲೂ ಬಾರದು, ಚಳಿಯೂ ಬಾರದು ಎಂದು ಎಷ್ಟು ಬೀಗಿದಿರಿ! ಹಳೇಕೋಟೆಯಲ್ಲಿ ನಾವು ನೆಂಟರ ಮನೆಯ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎತ್ತುಗಳು ಹಿಂಬಾಗಿಲಿನಿಂದ ತಲೆ ತೂರಿಸಿ, ತಟ್ಟಿ ಕಿತ್ತು, ಒಂದು ಗೋಡೆಯನ್ನೇ ಮೇಯ್ದಿದ್ದವು. ನಾನು ಬಾರುಕೋಲು ತೆಗೆದುಕೊಂಡರೆ ನೀವು ತಡೆದಿರಿ. "ಉಲ್ ಮಡಗ್ದೋನು ನಾನು. ಅದು ಗ್ವಾಡೆ ಅಂತ ಅವ್ಕೇನ್ ಗೊತ್ತು?"

ಆಮೇಲೆ ಇದೇ ಚನ್ನರಾಯಪಟ್ಟಣದಿಂದ ತೆಂಗಿನ ನಾರು ತಂದು ಬಿಡಿಸುತ್ತಾ ಕೂತದ್ದು... ನನ್ನ ಬೆರಳೆಲ್ಲ ಬೊಬ್ಬೆ. ಎತ್ತು ಮೂಸಿ ನೋಡಿ ಮುಖ ತಿರುಗಿಸಿದಾಗ ಇಬ್ಬರೂ ನಕ್ಕೆವು. ಎಲ್ಲ ಕಡೆ ಗಟ್ಟಿಯಾಗಿ ತುಂಬಿದ ನೀವು, ನಿಮ್ಮ ದಿಂಬಿನ ಪಕ್ಕದಲ್ಲಿ ಮಾತ್ರ ಅಂಗೈ ಅಗಲದ ಕಿಂಡಿಯೊಂದನ್ನು ಬಿಟ್ಟಿರಿ. ಕೇಳಿದರೆ, ಎತ್ತಿನ ಗಂಟೆ ಕೇಳಬೇಕು ಎಂದಿರಿ.

ಮಲ್ಲಿಪಟ್ಟಣದ ಮಾಗಿ ಚಳಿ ನೆನಪಿದೆಯೇ? ಗೌರಿಗೆ ಕೆಮ್ಮು ಹತ್ತಿತ್ತು. ನಾನು ಕಿಂಡಿಗೆ ಹಳೇ ಸೀರೆ ತುಂಡು ತುರುಕುವುದು, ಬೆಳಗಾದರೆ ನೀವು ಅದನ್ನು ಕಿತ್ತಿರುವುದು. ಒಂದು ಬೆಳಿಗ್ಗೆ ನನಗೆ ರೇಗಿತು. "ಮತ್ತೆ ಆ ನಾರೆಲ್ಲ ಯಾವ್ ಚೆಂದಕ್ಕೆ ತುಂಬಿದ್ದು ಮಾವ?" ಎಂದೆ. ನೀವು ಕಾಫಿ ಆರಿಸುತ್ತಾ ಕಿಂಡಿಯ ಕಡೆ ನೋಡಿದಿರಿ.

"ನಮ್ದು ಊರಿಲ್ದಿದ್ ಮನೆ ಕಣವ್ವ. ಅವ್ನು ಬಂದ್ರೆ ಎಲ್ಲಿ ಅಂತ ಉಡುಕ್ತಾನೆ? ಒಂದೊಂದ್ ಗಾಡಿ ಮುಂದೂ ನಿಂತ್ಕಂಡು ಕೂಗ್ತಾನೆ. ನಾರ್ ತುಂಬಿದ್ ಗ್ವಾಡೆಯಿಂದ ಕೂಗು ಒಳಕ್ ಬರಾಕಿಲ್ಲ."

ನಿಮ್ಮ ಮಗನ ಕಾಗದ ನಿಂತು ಆಗಲೇ ವರ್ಷವಾಗಿತ್ತು. ನನ್ನ ಕಣ್ಣು ತುಂಬಿದ್ದು ನೋಡಿ ನೀವು ಕೀಟಲೆಗೆ ಇಳಿದಿರಿ. "ನಾನ್ ನಿದ್ದೆ ಓಗಿದ್ರೆ ನೀನೇ ಕೂಗ್ಬೇಕು. ಗಂಡನ್ ಎಸ್ರು ಏಳಕ್ ನಾಚ್ಕಂಡು ಸುಮ್ಕೆ ಇದ್ಬುಟ್ಟೀಯ ಮತ್ತೆ!"

ಬರೀ ನಾಚಿಕೆ ಅಲ್ಲ ಮಾವ. ಹೆಸರು ಹೇಳಿದರೆ ಗಂಡನ ಆಯುಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮವ್ವ ಹೇಳಿದ್ದಳು. ಅದರಲ್ಲೂ ಯುದ್ಧಕ್ಕೆ ಹೋದವರ ಹೆಸರನ್ನು...

ಆಷಾಢದಲ್ಲಿ ಅರಕಲಗೂಡಿನಲ್ಲಿ ನಿಮಗೆ ಜ್ವರ ಬಂದಾಗಲೂ ಕಿವಿ ಕಿಂಡಿಯ ಕಡೆಗೇ ಇತ್ತು. ನಿಮ್ಮ ತಿಥಿಕಾರ್ಯವೆಲ್ಲ ಮುಗಿದ ಮೇಲೆ ನಾನು ಅದಕ್ಕೆ ನಾರು ತುಂಬಿ, ತಟ್ಟಿ ಹೊಡೆದುಬಿಟ್ಟೆ. ಗಾಡಿ ಬೆಚ್ಚಗಾಯಿತು. ಗೌರಿ ಕೆಮ್ಮಲಿಲ್ಲ. ಆದರೆ ಒಳಗೆ ಒಂದು ಸದ್ದಿಲ್ಲ ಮಾವ, ನೀವಿಲ್ಲದ್ದು ಆಗ ಗೊತ್ತಾಯಿತು. ಮೂರನೆಯ ದಿನ ಮೊಳೆ ಕಿತ್ತೆ. ಗೌರಿಯ ಹಾಸಿಗೆಯನ್ನು ಆಚೆ ಪಕ್ಕಕ್ಕೆ ಹಾಕಿ, ನಿಮ್ಮ ಕಂಬಳಿ ಹೊದಿಸಿ, ನಿಮ್ಮ ಜಾಗದಲ್ಲಿ ನಾನು ಮಲಗತೊಡಗಿದೆ.

ನಿನ್ನೆ ಬೆಳಿಗ್ಗೆ ಎತ್ತಿನ ಕೊಂಬೂ ಕಾಣದಷ್ಟು ಮಂಜು. ಒಲೆ ಹಚ್ಚಲು ಏಳುತ್ತಿದ್ದೆ. ಕಿಂಡಿಯಿಂದ ಕೇಳಿಸಿತು. "ಅಪ್ಪಾ... ಓ ಅಪ್ಪಾ..."

ಕಮಾನು ಗಾಡಿಗಳ ಸಾಲಿನಲ್ಲಿ ನಿಮ್ಮ ಮಗ ಒಂದೊಂದರ ಮುಂದೂ ನಿಂತು ಕರೆಯುತ್ತಿದ್ದರು, ನೀವು ಹೇಳಿದ ಹಾಗೇ. ನಮ್ಮ ವ್ಯಾನನ್ನು ಅವರು ಕಂಡವರಲ್ಲ, ಸಂತೆ ಗಾಡಿಯಲ್ಲಿದ್ದೇವೆ ಎಂದಷ್ಟೇ ಹೊಳೆನರಸೀಪುರದಲ್ಲಿ ಕೇಳಿದ್ದರಂತೆ. ಯಾವುದೋ ಸರ್ಕಾರದ್ದು ಅಂದುಕೊಂಡರೋ ಏನೋ, ಇದರ ಮುಂದೆ ನಿಲ್ಲಲೇ ಇಲ್ಲ. ಹೆಜ್ಜೆ ಸದ್ದು ದೂರವಾಗತೊಡಗಿತು. ಏನೆಂದು ಕೂಗಲಿ? "ಇಲ್ನೋಡಿ" ಅಂದರೆ ಸಂತೆಯವರೆಲ್ಲ ತಿರುಗುತ್ತಾರೆ. ಕಿಂಡಿಗೆ ಬಾಯಿ ಇಟ್ಟು ಹೆಸರು ಕೂಗಿಬಿಟ್ಟೆ ಮಾವ. ಎರಡು ಸಲ, ಗಂಟಲು ಬಿರಿಯುವ ಹಾಗೆ. ಇಲ್ಲಿ ಬರೆಯುವುದಿಲ್ಲ, ಅದು ಆ ಹೊತ್ತಿಗೆ ಮಾತ್ರ. ಗೌರಿ ಬೆಚ್ಚಿ ಎದ್ದು, "ಅದ್ಯಾರವ್ವಾ?" ಎಂದಳು.

ಅವರು ಓಡಿ ಬಂದು, ಕಿಂಡಿಯೊಳಗೆ ಕೈ ಹಾಕಿ, "ಅಪ್ಪ ಎದ್ದವ್ನಾ?" ಅಂದರು. ಆ ಕೈ ನಿಮ್ಮ ದಿಂಬಿನ ಮೇಲೆ ಬಿತ್ತು. ನಾನು ಅದನ್ನು ಹಿಡಿದುಕೊಂಡೆ. ಮಾತಿಲ್ಲದೆಯೇ ಅವರಿಗೆ ತಿಳಿಯಿತು.

ಈಗ ಹೊರಗೆ ಎತ್ತಿಗೆ ನೀರು ಕುಡಿಸುತ್ತಿದ್ದಾರೆ. ಗೌರಿ ದೂರದಿಂದಲೇ ನೋಡುತ್ತಿದ್ದಾಳೆ. ಸ್ವಲ್ಪ ಮುಂಚೆ ಅವರು ಒಂದು ಹಿಡಿ ನಾರು ಹಿಡಿದು ಬಂದು, ಆ ಕಿಂಡಿ ಮುಚ್ಚಲೇ ಎಂದು ಕೇಳಿದರು. ಬೇಡ ಎಂದೆ.

"ಚಳಿ ಬತ್ತದಲ್ಲ. ಇನ್ಯಾರ್ ಬರ್ಬೇಕು?" ಅಂದರು.

ನಾನು ಆ ನಾರನ್ನು ಅವರ ಕೈಯಿಂದ ತೆಗೆದುಕೊಂಡು ನಿಮ್ಮ ದಿಂಬಿನೊಳಗೆ ತುಂಬಿದೆ, ಮಾವ.