ಗೀಟು ಹೊಡೆದ ಅಂಕಿಗಳು

ಜನವರಿ ೨೩, ಗುರುವಾರ

ಇವತ್ತು ಸಭೆಯಲ್ಲಿ ಎಲ್ಲರೂ ಹೊಸ ಸಂಶೋಧಕ ಹಯಾಸಕಾನನ್ನು ಹೊಗಳಿದರು. ನಾನೂ ಚಪ್ಪಾಳೆ ತಟ್ಟಿದೆ, ಕೈ ಉರಿಯುವಷ್ಟು.

ಹೊಕ್ಕೈಡೋದ ನಮ್ಮ ಹಿಮ ಸಂಶೋಧನಾ ಕೇಂದ್ರಕ್ಕೆ ಬಂದು ಅವನಿಗೆ ಎರಡು ತಿಂಗಳಾಗಿಲ್ಲ. ಗಾಳಿ ತಡೆಯಲು ಕಟ್ಟಿದ ಬೇಲಿಯಾಚೆ, ಬಯಲು ಗಾಳಿಯಲ್ಲೇ ಕ್ಯಾಮೆರಾ ನಿಲ್ಲಿಸಿದ. ನೆಲದ ಹತ್ತಿರ ಗಾಳಿ ಸುಳಿದರೆ ಹಿಮದ ಚೂರು ಇನ್ನೂ ಬೇಗ ಬೀಳುತ್ತದೆ ಎಂದು ತೋರಿಸಿಬಿಟ್ಟ. ಆರು ಚಳಿಗಾಲ ಆ ಹಲಗೆ ಬೇಲಿಯೊಳಗೆ ಕೂತು ಹಿಮ ಬೀಳುವ ವೇಗ ಅಳೆದವಳು ನಾನು. ಗಾಳಿ ನುಗ್ಗಿದ ದಿನದ ಅಂಕಿಗಳೆಲ್ಲ ಕೆಟ್ಟವೆಂದು ಕೆಂಪು ಪೆನ್ಸಿಲ್‌ನಲ್ಲಿ ಗೀಟು ಹೊಡೆಯುತ್ತಿದ್ದೆ. ನನಗೆ ಈ ಕೆಲಸ ಹೇಳಿಕೊಟ್ಟ ಮೇಷ್ಟ್ರು ಕಲಿಸಿದ್ದೇ ಹಾಗೆ.

ಊಟದಲ್ಲಿ ಅವನು ನೂಡಲ್ಸ್ ಊದುತ್ತಾ ಕೇಳಿದ: "ಚಿಹಾರು ಅಕ್ಕಾ, ಗಾಳಿ ದಿನದ್ದು ಹಳೇ ಅಳತೆ ಏನಾದ್ರೂ ಇಟ್ಟಿದ್ದೀರಾ? ಇದ್ರೆ ನಿಮ್ಮ ಹೆಸರೇ ಮೊದ್ಲು ಹಾಕ್ತೀನಿ."

"ಆ ಕಸಾನಾ? ಯಾವಾಗ್ಲೋ ಒಲೆಗೆ ಹಾಕ್ದೆ ಕಣೋ."

"ಹೋಗ್ಲಿ ಬಿಡಿ," ಎಂದು ತನ್ನ ಬಟ್ಟಲಿನ ಮೊಟ್ಟೆಯನ್ನು ನನಗೆ ಹಾಕಿದ. ಒಳ್ಳೆಯವನು ಬೇರೆ. ಅದನ್ನೇ ತಡೆದುಕೊಳ್ಳಲಾಗುವುದಿಲ್ಲ.

ಮನೆಗೆ ಬಂದು ಆರು ಚಳಿಗಾಲದ ಆರೂ ಅಳತೆ ಪುಸ್ತಕ ತೆಗೆದೆ. ಕೆಂಪು ಗೀಟಿನಡಿ ಒಂದೊಂದು ಅಂಕಿಯೂ ಅವನು ಹೇಳಿದ ಹಾಗೇ ಇದೆ. ಮೊದಲು ಕಂಡವಳು ನಾನೇ.

ರಬ್ಬರ್ ಹಿಡಿದು ಕೂತಿದ್ದೇನೆ. ಚಳಿಗೆ ಪೆನ್ನು ಹರಿಯದೆಂದು ಅಂಕಿಗಳನ್ನೂ ಪೆನ್ಸಿಲ್‌ನಲ್ಲೇ ಬರೆದಿದ್ದೆ. ಕೆಂಪು ಉಜ್ಜಿದಷ್ಟೂ ಅಂಕಿಯೇ ಮೊದಲು ಅಳಿಸಿಹೋಗುತ್ತಿದೆ.